ಶಾಲೆ ಬಿಟ್ಟ ಮೇಲಿನ ಓದು

ಓದಲು ಕಲಿಯುವುದು ಒಂದು. ಓದುವವಳಾಗಿ ಉಳಿಯುವುದು ಇನ್ನೊಂದು. ಮೊದಲನೆಯದಕ್ಕೆ ಶಾಲೆಯೂ ಉಪಾಧ್ಯಾಯಿನಿಯರೂ ಹೊಣೆ. ಎರಡನೆಯದಕ್ಕೆ ಮನೆಯೂ ಅವಳ ಸ್ವಂತ ಮನಸ್ಸೂ ಹೊಣೆ. ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾಗಿ ಹೋದ ಹುಡುಗಿಯೇ ಕೆಲವು ವರ್ಷಗಳ ಮೇಲೆ ತನ್ನ ಮಗುವನ್ನು ಶಾಲೆಗೆ ಸೇರಿಸಲು ಬಂದು, ಅರ್ಜಿಯನ್ನು ಕೈಯಲ್ಲಿ ಹಿಡಿದು, “ಅಮ್ಮಾ, ನೀವೇ ಓದಿ ಹೇಳಿ, ನನಗೆ ಓದಿನ ರೂಢಿ ತಪ್ಪಿಹೋಯಿತು” ಎನ್ನುವುದುಂಟು. ಹತ್ತು ವರ್ಷಗಳ ಶ್ರಮದಿಂದ ಸಂಪಾದಿಸಿದ ಸ್ವತ್ತು ಹೀಗೆ ಸದ್ದಿಲ್ಲದೆ ಕೈಬಿಟ್ಟುಹೋಗುವುದು ಸಣ್ಣ ನಷ್ಟವಲ್ಲ.

ಇದು ಹೇಗೆ ಆಗುತ್ತದೆಂಬುದನ್ನು ತಿಳಿಯುವುದು ಒಳ್ಳೆಯದು. ಹೊಸದಾಗಿ ಓದುವ ಮಗುವು ಅಕ್ಷರಕ್ಕೆ ಅಕ್ಷರವನ್ನು ಕೂಡಿಸಿ ಪದವನ್ನು ಕಟ್ಟುತ್ತದೆ. ರೂಢಿಯಾದಂತೆಲ್ಲ ಕಣ್ಣು ಇಡಿಯ ಪದವನ್ನು ಒಂದೇ ನೋಟದಲ್ಲಿ ಹಿಡಿಯುತ್ತದೆ. ಆಗ ಮನಸ್ಸಿಗೆ ಅರ್ಥದ ಮೇಲೆ ನಿಲ್ಲುವುದಕ್ಕೆ ಬಿಡುವು ದೊರೆಯುತ್ತದೆ. ಅಭ್ಯಾಸ ತಪ್ಪಿದರೆ ಅಕ್ಷರಗಳು ಮರೆತುಹೋಗುವುದಿಲ್ಲ, ವೇಗವು ಕುಗ್ಗುತ್ತದೆ. ವೇಗ ಕುಗ್ಗಿದರೆ ಓದು ಆಯಾಸವಾಗುತ್ತದೆ. ಆಯಾಸವಾದುದನ್ನು ಮನುಷ್ಯರು ದೂರವಿಡುತ್ತಾರೆ. ದೂರವಿಟ್ಟಷ್ಟೂ ಅದು ಇನ್ನೂ ಕಷ್ಟವಾಗುತ್ತದೆ. ಆದುದರಿಂದ ವರ್ಷಕ್ಕೊಮ್ಮೆ ಒಂದು ದಪ್ಪ ಪುಸ್ತಕವನ್ನು ಓದುವುದಕ್ಕಿಂತ ದಿನಕ್ಕೆ ಕೆಲವು ಪುಟಗಳನ್ನು ತಪ್ಪದೆ ಓದುವುದೇ ಮೇಲು.

ನಮ್ಮ ಅಜ್ಜಿಯರ ಕಾಲದಲ್ಲಿ ಈ ಸ್ವತ್ತು ಎಷ್ಟು ಜನರಿಗೆ ಇತ್ತು? 1951ರ ಜನಗಣತಿಯಲ್ಲಿ ಭಾರತದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 9 ಮಂದಿ ಮಾತ್ರ ಅಕ್ಷರ ಬಲ್ಲವರು. 2011ರಲ್ಲಿ ಸುಮಾರು 65 ಮಂದಿ. ಈ ಏರಿಕೆಯ ಹಿಂದೆ ಶಾಲೆಯ ಬಾಗಿಲನ್ನೇ ಸರಿಯಾಗಿ ಕಾಣದ ಕೆಲವು ಸ್ತ್ರೀಯರ ಓದೂ ಇದೆ. ನಂಜನಗೂಡಿನ ತಿರುಮಲಾಂಬಾ ಅವರು 1887ರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಮದುವೆಯಾಗಿ, ಹದಿನಾಲ್ಕನೆಯ ವಯಸ್ಸಿನಲ್ಲಿ ವಿಧವೆಯಾದರು. ಆ ಕಾಲದಲ್ಲಿ ಅಂತಹ ಹುಡುಗಿಗೆ ಮನೆಯ ಒಂದು ಮೂಲೆಯೇ ಪ್ರಪಂಚವು. ಆದರೆ ಅವರ ತಂದೆಯವರು ಮಗಳ ಓದಿಗೆ ಅಡ್ಡಿ ಮಾಡಲಿಲ್ಲ, ಒತ್ತಾಸೆಯಾಗಿ ನಿಂತರು. ಮನೆಯಲ್ಲಿ ಕುಳಿತು ಓದಿದ ಆ ಹುಡುಗಿಯೇ 1913ರಲ್ಲಿ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿ, ಕಾದಂಬರಿಗಳನ್ನು ಬರೆದು ಪ್ರಕಟಿಸಿದರು. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಬಾಲವಿಧವೆಯೇ ಆಗಿದ್ದ ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ 1921ರಿಂದ ‘ಸರಸ್ವತಿ’ ಪತ್ರಿಕೆಯನ್ನು ನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆಸಿದರು. ಬಿಡುವೂ ಅನುಕೂಲವೂ ಅವರಿಗೆ ನಮಗಿಂತ ಹೆಚ್ಚಾಗಿ ಇರಲಿಲ್ಲವೆಂಬುದನ್ನು ನಾವು ಮನಸ್ಸಿನಲ್ಲಿಡತಕ್ಕದ್ದು.

ನಮ್ಮ ಸೀಮೆಯ ಸ್ಥಿತಿಯನ್ನೂ ಯೋಚಿಸೋಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆ ಮನೆಗಳು ಒಂದಕ್ಕೊಂದು ದೂರ. ಸಿರಿಮನೆ, ಕಿಗ್ಗಗಳ ಕಡೆಯ ತೋಟದ ಮನೆಗೆ ಸೊಸೆಯಾಗಿ ಹೋದವಳಿಗೆ ಆಷಾಢದ ಜಡಿಮಳೆಯಲ್ಲಿ ನೆರೆಮನೆಯವರ ಮುಖ ಕಾಣುವುದೂ ಅಪರೂಪ. ಅಂತಹ ದಿನಗಳಲ್ಲಿ ಪುಸ್ತಕವು ಒಳ್ಳೆಯ ಸಂಗಡಿಗನಾಗುತ್ತದೆ. ಇದು ನಮ್ಮ ಮಲೆನಾಡಿಗೆ ಹೊಸ ಮಾತೇನೂ ಅಲ್ಲ. ಹಿಂದೆ ಮಳೆಗಾಲದ ರಾತ್ರಿಗಳಲ್ಲಿ ಜಗಲಿಯ ಮೇಲೆ ಒಬ್ಬರು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ರಾಗವಾಗಿ ಓದುವರು. ಅಕ್ಷರವರಿಯದವರೂ ಸುತ್ತ ಕುಳಿತು ಕೇಳುವರು. ಒಬ್ಬರ ಓದು ಇಡಿಯ ಮನೆಯ ಓದಾಗುತ್ತಿತ್ತು. ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’ಯಲ್ಲಿಯೂ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿಯೂ ಮಲೆನಾಡಿನ ಕಾಡು, ಗದ್ದೆ, ಅಡಿಗೆಮನೆಗಳನ್ನೇ ಚಿತ್ರಿಸಿದ್ದಾರೆ. ಓದಲು ಎಲ್ಲಿಂದ ತೊಡಗಬೇಕೆಂದು ಕೇಳುವವರು ಅಲ್ಲಿಂದಲೇ ತೊಡಗಬಹುದು.

ಓದಿನ ಪ್ರಯೋಜನವು ಸಂತೋಷವೊಂದೇ ಅಲ್ಲ. ಔಷಧದ ಚೀಟಿಯಲ್ಲಿ ಏನಿದೆ, ಜಮೀನಿನ ಪಹಣಿಯಲ್ಲಿ ಯಾರ ಹೆಸರಿದೆ, ಸಂಘದ ಸಾಲದ ಪತ್ರದಲ್ಲಿ ಯಾವ ಷರತ್ತು ಇದೆ ಎಂಬುದನ್ನು ತಾನೇ ಓದಿ ನೋಡದೆ ರುಜು ಹಾಕುವವಳು ಇತರರ ಕೈಯಲ್ಲಿ ಇರುವಳು. ತಾಯಿಯು ಓದುವುದನ್ನು ದಿನವೂ ಕಾಣುವ ಮಗುವಿಗೆ ‘ಓದು’ ಎಂದು ಗದರಿಸಬೇಕಾದ ಸಂದರ್ಭವೂ ಕಡಿಮೆ.

ಸಮಯವೆಲ್ಲಿ ಎಂದು ಕೇಳುವಿರಿ. ದಿನಕ್ಕೆ ಹತ್ತು ಪುಟಗಳಂತೆ ಓದಿದರೆ ವರ್ಷಕ್ಕೆ 3,650 ಪುಟಗಳಾಗುತ್ತವೆ. ಎಂದರೆ ಮುನ್ನೂರು ಪುಟಗಳ ಪುಸ್ತಕಗಳು ಹನ್ನೆರಡು. ಇದಕ್ಕೆ ಅರ್ಧ ಗಂಟೆಯ ಸುಮಾರು ಸಾಕು. ಮೊಬೈಲಿನ ಮೇಲೆ ಕಳೆಯುವ ಹೊತ್ತಿನಲ್ಲಿ ಅಷ್ಟನ್ನು ಉಳಿಸುವುದು ಅಸಾಧ್ಯವಲ್ಲ. ದಿನದಲ್ಲಿ ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಿರಿ. ಪುಸ್ತಕವನ್ನು ಪೆಟ್ಟಿಗೆಯೊಳಗಿಡದೆ ಕೈಗೆಟಕುವಲ್ಲಿ ಇಡಿರಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ತೇವದ ಗೋಡೆಯಿಂದ ದೂರವಿರಿಸಿ, ಬಿಸಿಲು ಬಂದ ದಿನ ಹೊರಗೆ ಗಾಳಿಗಿಡಿರಿ. ಮನಸ್ಸಿಗೆ ಹಿಡಿಸದ ಪುಸ್ತಕವನ್ನು ಹಟದಿಂದ ಮುಗಿಸಬೇಕಾದುದಿಲ್ಲ, ಬೇರೊಂದನ್ನು ತೆಗೆದುಕೊಳ್ಳಿರಿ. ವಾರಕ್ಕೊಮ್ಮೆಯಾದರೂ ಅತ್ತೆಯವರಿಗೋ ಮಕ್ಕಳಿಗೋ ಗಟ್ಟಿಯಾಗಿ ಓದಿ ಹೇಳಿರಿ.

ಪುಸ್ತಕಗಳನ್ನೆಲ್ಲ ಕೊಂಡೇ ಓದಬೇಕೆಂಬ ನಿಯಮವಿಲ್ಲ. ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆಂಬ ಹೆಸರಿನಿಂದ ನಡೆಯುತ್ತಿವೆ. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯವೇನೆಂದರೆ, ಪುಸ್ತಕವಿರುವುದು ಬಳಸುವುದಕ್ಕೆ, ಕಾಯ್ದಿಡುವುದಕ್ಕಲ್ಲ. ಯಾರೂ ಕೇಳದೆ ಹೋದರೆ ಕಪಾಟಿನ ಪುಸ್ತಕವು ಗೆದ್ದಲಿನ ಪಾಲಾಗುವುದು. ಆದುದರಿಂದ ಹೋಗಿ ಕೇಳುವುದು ನಮ್ಮ ಕರ್ತವ್ಯ.

ಪೋಷಕರಲ್ಲಿ ಒಂದು ವಿಜ್ಞಾಪನೆ. ಮಗಳಾಗಲಿ ಸೊಸೆಯಾಗಲಿ ಪುಸ್ತಕ ಹಿಡಿದು ಕುಳಿತಾಗ “ಕೆಲಸವಿಲ್ಲವೇ?” ಎಂದು ಕೇಳದಿರಿ. ತಿರುಮಲಾಂಬಾ ಅವರ ತಂದೆ ಮಗಳಿಗೆ ಕೊಟ್ಟದ್ದು ಐಶ್ವರ್ಯವಲ್ಲ, ಓದುವುದಕ್ಕೆ ಅನುಮತಿ ಮತ್ತು ಆದರ. ಮದುವೆಯಲ್ಲಿ ಕೊಡುವ ಪಾತ್ರೆ ಪಡಗಗಳ ಸಂಗಡ ನಾಲ್ಕು ಒಳ್ಳೆಯ ಪುಸ್ತಕಗಳನ್ನೂ ಕೊಟ್ಟು ಕಳುಹಿಸಿರಿ.

ಪೂರ್ವ ವಿದ್ಯಾರ್ಥಿನಿಯರೇ, ಮುಂದಿನ ಸಲ ಈ ಶಾಲೆಗೆ ಬಂದಾಗ ನಿಮ್ಮ ಸಂಸಾರದ ಕ್ಷೇಮಸಮಾಚಾರವನ್ನು ವಿಚಾರಿಸಿದ ಮೇಲೆ, ಈಗ ಯಾವ ಪುಸ್ತಕವನ್ನು ಓದುತ್ತಿರುವಿರೆಂದು ನಿಮ್ಮ ಉಪಾಧ್ಯಾಯಿನಿಯರು ಕೇಳುವರು. ಉತ್ತರವನ್ನು ಸಿದ್ಧಪಡಿಸಿಕೊಂಡು ಬರುವಿರೆಂದು ನಂಬುತ್ತೇನೆ.