ಪೀಠದಡಿಯ ಕಾವಲುಗಾರ

ಎರಡು ವರ್ಷಗಳ ಹಿಂದೆ ಬೇಸಗೆಯ ರಜವನ್ನು ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಒಂದು ಸಣ್ಣ ಊರಿನಲ್ಲಿ, ಅಣ್ಣನವರ ಮನೆಯಲ್ಲಿ ಕಳೆಯುವ ಸುಯೋಗ ನನಗೆ ಒದಗಿತ್ತು. ಕಾವ್ಯಮೀಮಾಂಸೆಯ ಟಿಪ್ಪಣಿಗಳನ್ನು ಹೊತ್ತುಕೊಂಡು ಹೋದವನು ನಾನು. ಹಿಂದಿರುಗುವಾಗ ಆ ಟಿಪ್ಪಣಿಗಳ ಗಂಟು ಬಿಚ್ಚಿರಲಿಲ್ಲ; ತಲೆಯಲ್ಲಿ ತುಂಬಿದ್ದುದು ಒಂದು ಹಳೆಯ ಟ್ರ್ಯಾಕ್ಟರಿನ ಪೀಠದಡಿಯಲ್ಲಿ ಅಡಗಿದ್ದ, ಹೆಬ್ಬೆರಳಿನ ಗಾತ್ರದ ಒಂದು ಸ್ವಿಚ್ಚು.

ಟ್ರ್ಯಾಕ್ಟರೆಂದೊಡನೆ ವಾಚಕರು ಮಂಡ್ಯದ ಕಡೆಯ ಗದ್ದೆಗಳಲ್ಲಿ ಉಳುವ ಭಾರಿ ಯಂತ್ರವನ್ನು ನೆನೆಯಬಾರದು. ಅಮೆರಿಕದ ಊರುಗಳ ಹೊರವಲಯದಲ್ಲಿ ಮನೆಯ ಸುತ್ತ ಒಂದೋ ಎರಡೋ ಎಕರೆ ಹುಲ್ಲುಹಾಸು ಇರುವುದುಂಟು. ಅದನ್ನು ಆಗಾಗ ಕತ್ತರಿಸದಿದ್ದರೆ ನೆರೆಹೊರೆಯವರ ಹುಬ್ಬು ಗಂಟಿಕ್ಕುತ್ತದೆ. ಈ ಕೆಲಸಕ್ಕಾಗಿ ಹುಟ್ಟಿದ್ದು ತೋಟದ ಟ್ರ್ಯಾಕ್ಟರು. 1960ರ ದಶಕದ ಆರಂಭದಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ಕಬ್ ಕೆಡೆಟ್ ಬಂದಿತು. 1963ರಲ್ಲಿ ಜಾನ್ ಡಿಯರ್ ಸಂಸ್ಥೆ ‘110’ ಎಂಬ ಮಾದರಿಯನ್ನು ಹೊರತಂದಿತು. ಆರಂಭದಲ್ಲಿ ಎರಡಕ್ಕೂ ಇದ್ದುದು 7 ಅಶ್ವಶಕ್ತಿಯ ಕೋಲರ್ ಎಂಜಿನ್ನು. ಬೇಸಗೆಯಲ್ಲಿ ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಡೆಕ್ಕು, ಚಳಿಗಾಲದಲ್ಲಿ ಮೂತಿಗೆ ಹಿಮ ಎಸೆಯುವ ಸಲಕರಣೆ, ವಸಂತದಲ್ಲಿ ಹಿಂದೆ ಮಣ್ಣು ಸಡಿಲಿಸುವ ಟಿಲ್ಲರು—ಹೀಗೆ ಒಂದೇ ಗಾಡಿ ಋತುವಿಗೊಂದು ವೇಷ ತೊಡುತ್ತದೆ. ಅರ್ಧ ಶತಮಾನ ದಾಟಿದ ಗಾಡಿಗಳು ಇಂದಿಗೂ ಅಲ್ಲಿ ದುಡಿಯುತ್ತಿವೆ.

ಅಣ್ಣನವರ ಗಾಡಿ ಯಾವ ಸಂಸ್ಥೆಯದೆಂಬುದು ಇಲ್ಲಿ ಅಪ್ರಸ್ತುತ. ಮನೆಯನ್ನು ಮಾರಿದವರು ಅದನ್ನು ಕೊಟ್ಟಿಗೆಯಲ್ಲೇ ಬಿಟ್ಟುಹೋಗಿದ್ದರು. ಒಂದು ವರ್ಷ ತಕರಾರಿಲ್ಲದೆ ನಡೆಯಿತು. ನಾನು ಹೋದ ಮೊದಲ ಶನಿವಾರ, ಹಿಮದ ಸಲಕರಣೆಯನ್ನು ಕಳಚಿ ಡೆಕ್ಕನ್ನು ಕೂಡಿಸಿದ ಅಣ್ಣನವರು ಬೀಗದ ಕೈ ತಿರುಗಿಸಿದರೆ ಗಾಡಿ ತುಟಿಪಿಟಕ್ಕೆನ್ನಲಿಲ್ಲ. ಬ್ಯಾಟರಿ ಹೊಸದು, ಪೆಟ್ರೋಲು ತುಂಬಿದೆ.

“ಇದೆಲ್ಲ ಆ ರಕ್ಷಣೆಯ ಸ್ವಿಚ್ಚುಗಳ ಕಾಟ ಕಣೋ. ಪೀಠದ ಕೆಳಗಿನ ಎರಡು ತಂತಿ ಸೇರಿಸಿ ಹೊಸೆದುಬಿಟ್ಟರೆ ಸರಿಹೋಗುತ್ತಂತೆ. ಆಫೀಸಿನಲ್ಲಿ ಒಬ್ಬರು ಹೇಳಿದರು” ಎನ್ನುತ್ತ ಅವರು ಇಕ್ಕಳ ಕೈಗೆತ್ತಿಕೊಂಡರು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯವರು, “ಮಗು ಯಾವಾಗಲೂ ನಿಮ್ಮ ಹಿಂದೇನೇ ಓಡ್ತಿರುತ್ತೆ. ಆ ತಂತಿ ಮಾತ್ರ ಮುಟ್ಟಬೇಡಿ” ಎಂದರು. ಆರು ವರ್ಷದ ಆ ಮಗು ಆಗಲೂ ನಮ್ಮ ಕಾಲ ಬಳಿಯಲ್ಲೇ ಇದ್ದಿತು.

ಕಡೆಗೆ ನೆರೆಮನೆಯ ವೃದ್ಧರನ್ನು ಕರೆದದ್ದಾಯಿತು. ಎಪ್ಪತ್ತು ದಾಟಿದವರು, ಆಯುಷ್ಯವೆಲ್ಲ ಯಂತ್ರಗಳ ದುರಸ್ತಿಯಲ್ಲಿ ಕಳೆದವರು. ಅವರು ಗಾಡಿಯನ್ನು ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಕೊನೆಯ ಸಲ ನಡೆದ ಮೇಲೆ ಇದಕ್ಕೆ ಏನು ಮಾಡಿದಿರಿ?”

“ಏನೂ ಇಲ್ಲ, ಸಲಕರಣೆ ಬದಲಾಯಿಸಿದೆ, ಅಷ್ಟೆ.”

ವೃದ್ಧರು ನಸುನಕ್ಕು ಕೆಲಸಕ್ಕೆ ಕುಳಿತರು. ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿ ಗಾಡಿಯ ಲೋಹಕ್ಕೆ ತಗುಲಿಸಿದರು. ಪರೀಕ್ಷೆಯ ನಡುವೆ ಎಂಜಿನ್ನು ತಾನಾಗಿ ಹೊತ್ತಿಕೊಂಡು ಬೆರಳು ಕಳೆಯಬಾರದಷ್ಟೆ. ಗಿಯರನ್ನು ತಟಸ್ಥದಲ್ಲಿಟ್ಟರು. ಬ್ಯಾಟರಿಯನ್ನು ಅಳೆದರೆ 12.6 ವೋಲ್ಟು, ಪೂರ್ಣ ತುಂಬಿದೆ ಎಂದರ್ಥ. ಬ್ಯಾಟರಿಯ ಋಣ ತಂತಿ ಚಾಸಿಗೆ ಸೇರುವ ಬೋಲ್ಟನ್ನು ಬಿಚ್ಚಿ ತುಕ್ಕನ್ನು ಕೆರೆದರು. ಹಳೆಯ ಗಾಡಿಗಳ ಅರ್ಧ ರೋಗ ಈ ತುಕ್ಕಿನಲ್ಲಿದೆಯಂತೆ.

ಬಳಿಕ ಅವರು ನನಗೆ ವಿದ್ಯುತ್ತಿನ ಹಾದಿಯನ್ನು ವಿವರಿಸಿದರು. ಬ್ಯಾಟರಿಯಿಂದ ಹೊರಟ ಪ್ರವಾಹ ಬೀಗದ ಕೈಗೆ ಬರುತ್ತದೆ. ಅಲ್ಲಿಂದ ಪೆಡಲಿನ ಸ್ವಿಚ್ಚು. ಪೆಡಲನ್ನು ಪೂರ್ತಿ ಒತ್ತಿದ್ದರೆ ಮಾತ್ರ ಅದು ದಾರಿ ಬಿಡುತ್ತದೆ. ಅಲ್ಲಿಂದ ಪಿ.ಟಿ.ಓ. ಸ್ವಿಚ್ಚು. ಪಿ.ಟಿ.ಓ. ಎಂದರೆ ಎಂಜಿನ್ನಿನ ಶಕ್ತಿಯನ್ನು ಬೆಲ್ಟಿನ ಮೂಲಕ ಸಲಕರಣೆಗೆ ಒಯ್ಯುವ ಏರ್ಪಾಡು. ಅದರ ಸನ್ನೆ ‘ನಿಲ್ಲಿಸು’ ಸ್ಥಾನದಲ್ಲಿದ್ದರೆ ಮಾತ್ರ ಈ ಸ್ವಿಚ್ಚು ಕೂಡಿಕೊಳ್ಳುತ್ತದೆ. ಎಲ್ಲವನ್ನೂ ದಾಟಿದ ಪ್ರವಾಹ ಸೊಲೆನಾಯ್ಡನ್ನು ಸೆಳೆದು ‘ಟಕ್’ ಎನ್ನಿಸಿದಾಗ ಸ್ಟಾರ್ಟರು ತಿರುಗುತ್ತದೆ. ಒಂದು ಕೊಂಡಿ ತಪ್ಪಿದರೂ ಮೌನ. ಕರ್ತೃ ಕರ್ಮಗಳೆಲ್ಲ ಹೊಂದಿದ ಮೇಲೆ ಕಡೆಯಲ್ಲಿ ಬರುವ ಕನ್ನಡದ ಕ್ರಿಯಾಪದ ನನಗೆ ನೆನಪಾಯಿತು, ಹೇಳಲಿಲ್ಲ.

ಅವರ ಆಯುಧ ಒಂದು ಪರೀಕ್ಷಾದೀಪ: ಹನ್ನೆರಡು ವೋಲ್ಟಿನ ಪುಟ್ಟ ಬಲ್ಬು, ಒಂದು ತುದಿಗೆ ಕ್ಲಿಪ್ಪು, ಇನ್ನೊಂದಕ್ಕೆ ಮೊಳೆ. ಕ್ಲಿಪ್ಪನ್ನು ಚಾಸಿಗೆ ಕಚ್ಚಿಸಿ, ನನ್ನಿಂದ ಪೆಡಲು ಒತ್ತಿಸಿ ಕೈ ತಿರುಗಿಸಿಟ್ಟು, ಸ್ವಿಚ್ಚಿನಿಂದ ಸ್ವಿಚ್ಚಿಗೆ ಮೊಳೆಯನ್ನು ಮುಟ್ಟಿಸುತ್ತ ಬಂದರು. ಪೆಡಲಿನ ಸ್ವಿಚ್ಚಿನ ಎರಡು ಕಡೆಯೂ ದೀಪ ಉರಿಯಿತು. ಪಿ.ಟಿ.ಓ. ಸ್ವಿಚ್ಚಿನ ಒಳಬರುವ ಕಡೆ ಉರಿಯಿತು. ಹೊರಹೋಗುವ ಕಡೆ ಉರಿಯಲಿಲ್ಲ.

ಸ್ವಿಚ್ಚು ಕೆಟ್ಟಿರಲಿಲ್ಲ. ಡೆಕ್ಕನ್ನು ಕೂಡಿಸುವಾಗ ಅದರ ಅಂಚು ತಾಗಿ, ಸ್ವಿಚ್ಚನ್ನು ಹಿಡಿದಿದ್ದ ತಗಡಿನ ತುಂಡು ಒಂದು ನೂಲಿನಷ್ಟು ಬಾಗಿತ್ತು. ಸನ್ನೆಯನ್ನು ‘ನಿಲ್ಲಿಸು’ ಸ್ಥಾನಕ್ಕೆ ತಂದರೂ ಅದು ಸ್ವಿಚ್ಚಿನ ಗುಂಡಿಯನ್ನು ಮುಟ್ಟುತ್ತಿರಲಿಲ್ಲ. ಇಕ್ಕಳದಿಂದ ಅದನ್ನು ನೆಟ್ಟಗೆ ಮಾಡಿದರು. ಸೊಲೆನಾಯ್ಡು ‘ಟಕ್’ ಎಂದಿತು. ಅಣ್ಣನವರು ಅನುಮಾನಿಸಿದ್ದ ಪೀಠದ ಸ್ವಿಚ್ಚಿಗೂ ಈ ತೊಂದರೆಗೂ ಸಂಬಂಧವೇ ಇರಲಿಲ್ಲ.

ವೃದ್ಧರು ಹೊರಡಬಹುದಾಗಿತ್ತು. “ಬಂದದ್ದೇ ಬಂದೆ, ಪೀಠವನ್ನೂ ಎತ್ತಿ ನೋಡೋಣ” ಎಂದರು. ಎತ್ತಿದರೆ, ಸ್ವಿಚ್ಚಿಗೆ ಸೇರಬೇಕಾದ ಎರಡು ತಂತಿಗಳೂ ಒಂದಕ್ಕೊಂದು ಹೊಸೆದುಕೊಂಡು, ಧೂಳು ಹಿಡಿದ ಕಪ್ಪು ಟೇಪಿನೊಳಗೆ ಮಲಗಿದ್ದವು. ಹಿಂದಿನ ಮಾಲೀಕರು ಎಂದೋ ಮಾಡಿದ ಕೆಲಸ. ಸ್ವಿಚ್ಚು ಮಾತ್ರ ಹೆಸರಿಗೆ ಅಲ್ಲಿತ್ತು.

ಪೀಠದ ಸ್ವಿಚ್ಚಿನ ಕೆಲಸವಿಷ್ಟೆ: ಅಲಗುಗಳು ತಿರುಗುತ್ತಿರುವಾಗ ಸವಾರ ಪೀಠ ಬಿಟ್ಟೆದ್ದರೆ ಎಂಜಿನ್ನು ನಿಲ್ಲಬೇಕು. ಅಲಗಿನ ತುದಿಯ ವೇಗ ಮಿನಿಟಿಗೆ 19,000 ಅಡಿಯನ್ನು ಮೀರಬಾರದೆಂದು ಅಮೆರಿಕದ ಮಾನಕ ಹೇಳುತ್ತದೆ. ಆ ಮಿತಿಯೇ ಗಂಟೆಗೆ ಸುಮಾರು 345 ಕಿಲೋಮೀಟರು! ತಳ್ಳಿಕೊಂಡು ಹೋಗುವ ಯಂತ್ರಗಳಲ್ಲಿ ಹಿಡಿ ಬಿಟ್ಟ ಮೂರು ಸೆಕೆಂಡಿನೊಳಗೆ ಅಲಗು ನಿಲ್ಲತಕ್ಕದ್ದೆಂದು 1982ರಲ್ಲಿ ಅಲ್ಲಿ ನಿಯಮವೇ ಜಾರಿಗೆ ಬಂದಿತು.

ಅಣ್ಣನವರ ಮುಖ ಬಿಳಿಚಿತು. ಹಿಂದಿನ ಶರತ್ಕಾಲದಲ್ಲೊಮ್ಮೆ, ಅಡ್ಡ ಬಿದ್ದಿದ್ದ ಕೊಂಬೆಯನ್ನು ಎಳೆಯಲು ಅವರು ಗಾಡಿಯಿಂದ ಇಳಿದಿದ್ದರು. ಸನ್ನೆಯನ್ನು ಹಿಂದೆಳೆಯಲು ಮರೆತಿದ್ದರು. ಎಂಜಿನ್ನು ಮೊರೆಯುತ್ತಲೇ ಇತ್ತು. ಕೊಂಬೆಯ ಇನ್ನೊಂದು ತುದಿಯನ್ನು ಹಿಡಿಯಲು ಮಗು ಓಡಿಬಂದದ್ದು ಡೆಕ್ಕಿನ ಪಕ್ಕದಿಂದಲೇ. ಇದನ್ನು ಅವರು ಹೇಳಿದ್ದು ನನ್ನ ಬಳಿ, ಅಂದು ರಾತ್ರಿ. ಅತ್ತಿಗೆಯವರಿಗೆ ಹೇಳಲು ಇನ್ನೂ ಎರಡು ದಿನ ಬೇಕಾಯಿತು.

ಎಲ್ಲ ಗಾಡಿಗಳೂ ಹೀಗೆ ಜೋಡಣೆಗೊಂಡಿಲ್ಲವೆಂದು ವೃದ್ಧರು ಎಚ್ಚರಿಸಿದರು. ಬ್ಯಾಟರಿಯಿಂದ ಕಿಡಿ ಪಡೆಯುವ ಇಂಥ ಎಂಜಿನ್ನಿನಲ್ಲಿ ಪೀಠದ ತಂತಿ ಕಡಿದರೆ ಎಂಜಿನ್ನು ನಿಲ್ಲುತ್ತದೆ. ಮ್ಯಾಗ್ನೆಟೋ ಎಂಜಿನ್ನಿನಲ್ಲಿ ವ್ಯವಹಾರ ತಿರುಗುಮುರುಗು: ಕಿಡಿಯ ತಂತಿಯನ್ನು ಚಾಸಿಗೆ ಮುಟ್ಟಿಸಿ ನಿಲ್ಲಿಸಬೇಕಾದ್ದರಿಂದ, ಅಲ್ಲಿ ತಂತಿ ಕಡಿದರೆ ಕಾವಲು ತಪ್ಪಿಹೋಗುತ್ತದೆ, ಗಾಡಿ ಏನೂ ಆಗದಂತೆ ಓಡುತ್ತಲೇ ಇರುತ್ತದೆ. ಆದ್ದರಿಂದ ತಂತಿಯ ನಕ್ಷೆಯಿರುವ ಕೈಪಿಡಿಯಿಲ್ಲದೆ ಕೈಹಾಕಬಾರದು; ಎರಡರಲ್ಲೂ ‘ಗಾಡಿ ಓಡುತ್ತಿದೆ’ ಎಂಬುದು ಆರೋಗ್ಯದ ಲಕ್ಷಣವಲ್ಲ.

ಹೊಸ ಸ್ವಿಚ್ಚು ಬಂದ ದಿನ ಮಗುವನ್ನು ಒಳಗೆ ಕಳಿಸಿ ಪರೀಕ್ಷೆ ನಡೆಯಿತು. ಬಯಲಿನಲ್ಲಿ ಗಾಡಿ ನಿಲ್ಲಿಸಿ, ಅಲಗುಗಳನ್ನು ತಿರುಗಿಸಿ, ಅಣ್ಣನವರು ಕಾಲುಗಳನ್ನು ಮೆಟ್ಟಿಲ ಮೇಲೆಯೇ ಇಟ್ಟು ಪೀಠದಿಂದ ಸ್ವಲ್ಪ ಮೇಲೆದ್ದರು. ಎಂಜಿನ್ನು ನಿಂತಿತು. ಮೂರು ಸಲ ಮಾಡಿದರು. ಮೂರು ಸಲವೂ ನಿಂತಿತು.

ಆದರೆ ಮರುವಾರವೇ ಹೊಸ ತಕರಾರು. ಓಕ್ ಮರದ ಬೇರಿನ ದಿಣ್ಣೆ ಹತ್ತಿದಾಗಲೆಲ್ಲ ಎಂಜಿನ್ನು ಕೆಮ್ಮಿ ಸುಮ್ಮನಾಗುತ್ತಿತ್ತು. ಹಿಂದಿನ ಮಾಲೀಕರು ತಂತಿ ಹೊಸೆದದ್ದು ಬಹುಶಃ ಇದೇ ಬೇಸರದಿಂದ. ಅಣ್ಣನವರು ಈ ಸಲ ಇಕ್ಕಳ ಹುಡುಕಲಿಲ್ಲ, ಪೀಠವನ್ನೆತ್ತಿದರು. ಅದರ ಕೀಲು ತುಕ್ಕು ಹಿಡಿದು ಪೀಠ ಪೂರ್ತಿ ಕೆಳಗಿಳಿಯುತ್ತಿರಲಿಲ್ಲ. ದಿಣ್ಣೆಯಲ್ಲಿ ಕುಲುಕಿದಾಗ ಸ್ವಿಚ್ಚಿನಿಂದ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಉಜ್ಜಿ ಎಣ್ಣೆ ಬಿಟ್ಟ ಮೇಲೆ ಕೆಮ್ಮು ಹೋಯಿತು.

ಅಂದು ಸಂಜೆ ಅತ್ತಿಗೆಯವರು ಮೊದಲ ಬಾರಿಗೆ ಆ ಗಾಡಿ ಹತ್ತಿ ಹಿತ್ತಿಲ ಅರ್ಧ ಹುಲ್ಲನ್ನು ತಾವೇ ಕೊಯ್ದರು. ನಾನೂ ಮಗುವೂ ಅಡಿಗೆಮನೆಯ ಕಿಟಕಿಯಲ್ಲಿ ಕುಳಿತು ನೋಡಿದೆವು.