ಮೆದುಳಿನ ಕೋಡಿ

ಕೆರೆಗೆ ನೀರು ತರುವ ಕಾಲುವೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೋಡಿಯ ನೆನಪಾಗುವುದು ಅದು ಕಟ್ಟಿಕೊಂಡು ಏರಿ ಬಿರಿದಾಗ ಮಾತ್ರ. ಮೆದುಳಿನ ವಿಷಯವೂ ಹಾಗೆಯೇ. ರಕ್ತವನ್ನು ತಂದೊಪ್ಪಿಸುವ ಅಪಧಮನಿಗಳ ಮಾತು ಆಗಾಗ ಕೇಳಿಬರುತ್ತದೆ. ನಿಮಿಷಕ್ಕೆ ಸುಮಾರು 750 ಮಿಲಿಲೀಟರಿನಷ್ಟು ರಕ್ತವನ್ನು ಅಲ್ಲಿಂದ ಹೊರಸಾಗಿಸುವ ಅಭಿಧಮನಿಗಳ ಮಾತು ಅಪರೂಪ.

ಇವುಗಳ ರಚನೆ ವಿಲಕ್ಷಣವಾದುದು. ಕಾಲಿನ ಅಭಿಧಮನಿಗಳಲ್ಲಿರುವ ಕವಾಟಗಳು ಇವಕ್ಕಿಲ್ಲ. ಗೋಡೆಗಳೂ ಬಹಳ ತೆಳುವು. ಮೆದುಳಿನ ಮೇಲ್ಭಾಗದಿಂದ ಹೊರಟ ಅಭಿಧಮನಿಗಳು, ತಲೆಬುರುಡೆಯ ಒಳಗಿನ ಗಡುಸು ಪೊರೆಯ ಪದರಗಳ ನಡುವೆ ಅಡಗಿರುವ ಹಿರಿಗಾಲುವೆಯೊಂದನ್ನು ಕೂಡುತ್ತವೆ. ಇದು ಹಣೆಯ ಹಿಂದಿನಿಂದ ಹೊರಟು, ನಡುನೆತ್ತಿಯ ಕೆಳಗೆ ಹಾಯ್ದು, ಹಿಂದಲೆಯನ್ನು ಮುಟ್ಟುತ್ತದೆ. ಮೆದುಳಿನ ಆಳದ ರಕ್ತವಾದರೋ ಪ್ರಾಚೀನ ವೈದ್ಯ ಗೇಲನ್ನನ ಹೆಸರು ಹೊತ್ತ ಮಹಾ ಅಭಿಧಮನಿಯ ಮೂಲಕ ಬಂದು ಸಾಮಾನ್ಯವಾಗಿ ಇಲ್ಲಿಯೇ ಸಂಗಮಿಸುತ್ತದೆ. ಕ್ರಿಸ್ತಪೂರ್ವ 3ನೆಯ ಶತಮಾನದ ಸುಮಾರಿನಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಹೆರೋಫಿಲಸನ ಹೆಸರು ಈ ಸಂಗಮಕ್ಕೆ ಇಂದಿಗೂ ಉಳಿದಿದೆ. ಅಲ್ಲಿಂದ ಎಡಬಲಕ್ಕೆ ಕವಲೊಡೆದ ಪ್ರವಾಹ ಕಿವಿಗಳ ಹಿಂದೆ ಬಳುಕಿ ಕೊರಳಿಗಿಳಿಯುತ್ತದೆ.

ಬದುಕಿರುವ ಮನುಷ್ಯನಲ್ಲಿ ಇದನ್ನು ಕಾಣುವ ದಾರಿ ಬಹುಕಾಲ ಇರಲಿಲ್ಲ. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಕ್ಷ-ಕಿರಣವನ್ನು ತಡೆಯುವ ದ್ರವವನ್ನು ಕೊರಳಿನ ಅಪಧಮನಿಗೆ ಹೊಗಿಸಿ ಮೆದುಳಿನ ರಕ್ತನಾಳಗಳ ಚಿತ್ರ ತೆಗೆದನು. ಆ ದ್ರವ ಅಭಿಧಮನಿಗಳನ್ನು ತಲಪುವ ಗಳಿಗೆಯನ್ನೂ ಮುಂದೆ ಸೆರೆಹಿಡಿಯಲಾಯಿತು. ಇಂದು ಈ ಕೆಲಸ ಸಿ.ಟಿ. ಮತ್ತು ಎಂ.ಆರ್.ಐ. ಯಂತ್ರಗಳದು. ಸಿ.ಟಿ.ಯ ಅಡ್ಡಸೀಳಿನ ಚಿತ್ರದಲ್ಲಿ ಹಿರಿಗಾಲುವೆ ಹಿಂದಲೆಯ ಬಳಿ ಸಣ್ಣ ತ್ರಿಕೋನವಾಗಿ ಕಾಣುತ್ತದೆ. ಬಣ್ಣಗೊಡುವ ಮದ್ದು ರಕ್ತದೊಡನೆ ಹರಿದಾಗ ಆ ತ್ರಿಕೋನವೆಲ್ಲ ಬೆಳ್ಳಗೆ ಹೊಳೆಯಬೇಕು. ಅಂಚು ಮಾತ್ರ ಹೊಳೆದು ನಡುವೆ ಕಪ್ಪುಳಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿದೆಯೆಂಬ ಶಂಕೆ ಬಲವಾಗುತ್ತದೆ. ಆದರೆ ಚಿತ್ರ ಕಣ್ಣನ್ನು ವಂಚಿಸುವುದೂ ಉಂಟು. ಅನೇಕರಲ್ಲಿ ಎಡಗವಲು ಹುಟ್ಟಿನಿಂದಲೇ ಕಿರಿದು. ಅದನ್ನು ಅಡಚಣೆಯೆಂದು ಭ್ರಮಿಸಲಾಗದು.

ಕೋಡಿ ಕಟ್ಟಿದರೆ ಒತ್ತಡವೇರಿ ಮೆದುಳು ಬಾಯುತ್ತದೆ. ಕೆಲವೊಮ್ಮೆ ರಕ್ತ ಸೋರುತ್ತದೆ. ಬಾಣಂತಿಯರಿಗೆ ಈ ಭಯ ಹೆಚ್ಚು. ಹೆರಿಗೆಯ ಅನಂತರದ ವಾರಗಳಲ್ಲಿ ರಕ್ತ ಬೇಗ ಹೆಪ್ಪುಗಟ್ಟುವ ಗುಣ ತಳೆದಿರುತ್ತದೆ. ಬಾಣಂತಿಗೆ ನೀರು ಕೊಡಬಾರದೆಂಬ ಹಳೆಯ ಕಟ್ಟಳೆ ಅದಕ್ಕೆ ಒತ್ತಾಸೆಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಈ ರೋಗವನ್ನು ದಶಕಗಳಿಂದ ಅಭ್ಯಸಿಸಿದ್ದಾರೆ. ಬಿಡದ ತಲೆನೋವು, ವಾಂತಿ, ಮಂಜಾದ ದೃಷ್ಟಿ, ಸೆಳವು ಇದರ ಲಕ್ಷಣಗಳು. ಇವನ್ನು ಸನ್ನಿಯೆಂದೋ ಗಾಳಿಯ ಸೋಂಕೆಂದೋ ಬಗೆದು ತಾಯಿತ ಕಟ್ಟುತ್ತ ಕಳೆದ ದಿನಗಳು ಮರಳಿ ಬಾರವು.

ಸಕಾಲದಲ್ಲಿ ಪತ್ತೆಯಾದರೆ ಹೆಪಾರಿನ್ ಎಂಬ ಮದ್ದು ಹೆಪ್ಪು ಬೆಳೆಯದಂತೆ ತಡೆಯುತ್ತದೆ. ರಕ್ತ ತುಸು ಸೋರಿದ್ದರೂ ವೈದ್ಯರು ಅದನ್ನು ಕೊಡಲು ಹಿಂಜರಿಯುವುದಿಲ್ಲ. ಹೆಚ್ಚಿನವರು ಚೇತರಿಸಿಕೊಂಡು ಮತ್ತೆ ಮಗುವನ್ನು ಮಡಿಲಿಗೆತ್ತಿಕೊಳ್ಳುತ್ತಾರೆ. ಬಾಣಂತಿ ತಲೆನೋವೆಂದಾಗ ಮನೆಯವರು ಅವಳಿಗೆ ಬೇಕಾದಷ್ಟು ನೀರು ಕೊಟ್ಟು, ಅಂದೇ ಆಸ್ಪತ್ರೆಗೆ ಕರೆದೊಯ್ಯುವುದು ಲೇಸು.