ಕಾರಿನ ಟೈರುಗಳ ಆಯ್ಕೆ: ವಾಹನ ಮಾಲೀಕರಿಗೆ ಮಾಹಿತಿ

ಚಳಿಗಾಲದ ಟೈರುಗಳ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದಲ್ಲಿಯೂ ಮೃದುವಾಗಿರುತ್ತದೆ. ಕರ್ನಾಟಕದ ಬಿಸಿಲಿಗೆ ಅವು ಬೇಗನೆ ಸವೆಯುವುದಲ್ಲದೆ, ಬ್ರೇಕ್ ಹಾಕಿದಾಗ ವಾಹನವು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಆದುದರಿಂದ ರಾಜ್ಯದಲ್ಲಿ ಬೇಸಿಗೆ ಅಥವಾ ಸರ್ವಋತು ಟೈರುಗಳೇ ಸೂಕ್ತ.

ಮಳೆಗಾಲದಲ್ಲಿ ಟೈರಿನ ಹೊರಮೈಯ ತೋಡುಗಳು ರಸ್ತೆಯ ನೀರನ್ನು ಹೊರಚೆಲ್ಲುತ್ತವೆ. ಅವು ಸವೆದಿದ್ದಲ್ಲಿ, ಯಾವುದೇ ಬಗೆಯ ಟೈರಾದರೂ ನೀರಿನ ಮೇಲೆ ಜಾರಿ ವಾಹನವು ನಿಯಂತ್ರಣ ತಪ್ಪುವ ಸಂಭವವಿರುತ್ತದೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 94ರನ್ವಯ ಕಾರುಗಳಿಗೆ ತೋಡಿನ ಆಳವು 1.6 ಮಿ.ಮೀ.ಗಿಂತ ಕಡಿಮೆ ಇರತಕ್ಕದ್ದಲ್ಲ. ತೋಡುಗಳೊಳಗಿನ ಸವೆತ ಸೂಚಕ ಉಬ್ಬುಗಳು ಹೊರಮೈಯ ಸಮಕ್ಕೆ ಬಂದಿದ್ದಲ್ಲಿ ಟೈರನ್ನು ಬದಲಾಯಿಸತಕ್ಕದ್ದು.

15 ವರ್ಷ ಪೂರೈಸಿದ ಕಾರಿನ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವವರು ತಪಾಸಣೆಗೆ ಮುನ್ನ ಇದನ್ನು ಖಚಿತಪಡಿಸಿಕೊಳ್ಳುವುದು.